ಡಿಜೆಯ ಡಬ್ಬಿ

ಗಣೇಶನ ಮೆರವಣಿಗೆಯಲ್ಲಿ ಡಿಜೆ ಹುಡುಗನ ಪ್ರಾಣ ಇರುವುದು ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿನಲ್ಲಿ. ಒಂದು ಟಿಬಿ ಡಬ್ಬಿಯಲ್ಲಿ ಒಳ್ಳೇ ಕ್ವಾಲಿಟಿಯ ಎಂಪಿತ್ರೀ ಹಾಡುಗಳು ಹತ್ತಿರ ಹತ್ತಿರ ಲಕ್ಷ ಹಿಡಿಯುತ್ತವೆ. ಜನ ಕೇಳುವುದು ಮಾತ್ರ ಅದೇ ನಾಲ್ಕು. ಒಳಗೆ ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆ, ಅದರ ಮೇಲೆ ಕೂದಲೆಳೆಯೂ ತೂರದಷ್ಟು ಸಂದಿಯಲ್ಲಿ ತೇಲುವ ಹೆಡ್ಡು. ಇಂಥ ಸುಕುಮಾರನನ್ನು ಒಯ್ದು ಸಬ್‌ವೂಫರ್ ಮೇಲೆಯೇ ಕೂರಿಸುತ್ತಾರೆ! ಜಾನೆಟ್ ಜಾಕ್ಸನ್‌ರ 1989ರ ‘ರಿದಮ್ ನೇಷನ್’ ಕೇಳಿದರೇ ಎಕ್ಸ್‌ಪಿ ಕಾಲದ ಕೆಲವು ಲ್ಯಾಪ್‌ಟಾಪ್ ಡಿಸ್ಕುಗಳು ಮೂರ್ಛೆ ಹೋಗುತ್ತಿದ್ದವೆಂದು ಮೈಕ್ರೋಸಾಫ್ಟ್‌ನ ರೇಮಂಡ್ ಚೆನ್ 2022ರಲ್ಲಿ ಬರೆದರು. ಇನ್ನು ನಮ್ಮ ತಮಟೆ ರೀಮಿಕ್ಸಿಗೆ ಅವು ಏನಾಗಬೇಕು? ತಿರುಗುವುದೇ ಇಲ್ಲದ ಎಸ್‌ಎಸ್‌ಡಿ ತಗೊಳ್ಳಪ್ಪ ಅಂದರೆ, “ದುಬಾರಿ ಸಾರ್” ಅನ್ನುತ್ತಾನೆ. ಲೇಸರ್ ಲೈಟಿಗೆ ಮಾತ್ರ ಸಾಲ ಮಾಡುತ್ತಾನೆ. ಬ್ಯಾಕಪ್ಪು?

“ಇದೆಯಲ್ಲ ಸಾರ್, ಅದೇ ಡಿಸ್ಕಿನ ಇನ್ನೊಂದು ಫೋಲ್ಡರಲ್ಲಿ!”