ಕೇತುತತ್ತ್ವ ವಿಚಾರ: ದೂರಪ್ರಯಾಣದಲ್ಲಿ ಹಿಂಬದಿ ಸವಾರನ ಸ್ಥಾನ

ಮೋಟಾರ್‌ಸೈಕಲ್ ಶಾಸ್ತ್ರಜ್ಞರಲ್ಲಿ ಒಂದು ಹಳೆಯ ಪೂರ್ವಪಕ್ಷವಿದೆ: ಗಾಡಿ ಓಡಿಸುವವನೇ ಕರ್ತೃ, ಹಿಂದೆ ಕೂತವನು ಲಗೇಜು. 1988ರ ಮೋಟಾರು ವಾಹನ ಕಾಯ್ದೆಯ 128ನೇ ಕಲಂ ಕೂಡ ಹಿಂದೆ ಒಬ್ಬನಿಗಿಂತ ಹೆಚ್ಚು ಜನ ಕೂರಬಾರದು, ಅವನಿಗೆ ಭದ್ರವಾದ ಸೀಟಿರಬೇಕು ಎಂದಷ್ಟೇ ವಿಧಿಸಿ ಸುಮ್ಮನಾಗುತ್ತದೆ. ಕೂತವನು ಯಾರು, ಅವನ ಸ್ವರೂಪವೇನು ಎಂಬ ಮೂಲಪ್ರಶ್ನೆಯನ್ನು ಸಂಸತ್ತು ಎತ್ತಿಕೊಂಡೇ ಇಲ್ಲ. ಮೈಸೂರಿನಿಂದ ಕನ್ಯಾಕುಮಾರಿಯವರೆಗೆ ಗೆಳೆಯನ ಬೆನ್ನನ್ನೇ ಆಕರಗ್ರಂಥವಾಗಿ ಓದಿಕೊಂಡು ಹೋದ ಪ್ರಸ್ತುತ ಲೇಖಕ ಈ ಕೊರತೆ ತುಂಬಲು ಉದ್ಯುಕ್ತನಾಗಿದ್ದಾನೆ.

ಮೊದಲು ವಾಹನ. ದ್ವೈತಿಗಳು ಹಳೆಯ ಬುಲೆಟ್ ಏರುತ್ತಾರೆ: ಗೇರು ಬಲಕ್ಕೆ, ಬ್ರೇಕು ಎಡಕ್ಕೆ, ಕಿಕ್ಕರ್ ಬೇರೆ, ಭೇದವೇ ಸತ್ಯ. ನಮ್ಮದು ಯೆಜ್ಡಿ ರೋಡ್‌ಕಿಂಗ್. ಮೈಸೂರಿನಲ್ಲಿ 1961ರಲ್ಲಿ ಶುರುವಾಗಿ 1996ರಲ್ಲಿ ಬಾಗಿಲು ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆ ಬೋಧಿಸಿದ್ದು ಶುದ್ಧ ಅದ್ವೈತ: ಕಿಕ್ ಹೊಡೆಯುವ ಸರಳೇ ಗೇರು ಹಾಕುವ ಸರಳು. ಹೊಗೆಯಿಂದ ಬೆಂಕಿಯನ್ನು ಊಹಿಸುವ ತಾರ್ಕಿಕರಿಗೂ ಅದರ ಟೂ-ಸ್ಟ್ರೋಕ್ ಎಂಜಿನ್ ಬೇಕಾದಷ್ಟು ಸಾಮಗ್ರಿ ಒದಗಿಸುತ್ತದೆ.

ಚಾಮರಾಜನಗರ, ಪುಣಜನೂರು, ಹಾಸನೂರು ದಾಟಿದರೆ ದಿಂಬಂ ಘಾಟಿ. ಬಣ್ಣಾರಿಗೆ ಇಳಿಯುವಷ್ಟರಲ್ಲಿ ಹೇರ್‌ಪಿನ್ ತಿರುವುಗಳು 27. ನಕ್ಷತ್ರಗಳೂ 27. ಇದು ಕಾಕತಾಳೀಯವೆಂದು ಹೆದ್ದಾರಿ ಎಂಜಿನಿಯರುಗಳು ವಾದಿಸಬಹುದು. ಅವರಿಗೆ ಶಾಸ್ತ್ರದಲ್ಲಿ ಅಧಿಕಾರವಿಲ್ಲ. ತಿರುವುಗಳ ಎಣಿಕೆ ಕೆಳಗಿನಿಂದ ಮೇಲಕ್ಕೆ ಏರುವುದರಿಂದ ನಮ್ಮ ಕಡೆಯಿಂದ ಇಳಿಯುವವರು ರೇವತಿಯಿಂದ ಅಶ್ವಿನಿಗೆ, ಅಂದರೆ ಹಿಮ್ಮುಖವಾಗಿ ಸಂಚರಿಸುತ್ತಾರೆ. ಸದಾ ಹೀಗೆ ಸಂಚರಿಸುವವರು ಇಬ್ಬರೇ: ರಾಹು, ಕೇತು. ಒಂದೇ ದೇಹ ಎರಡಾದದ್ದು. ರಾಹು ಬರೀ ತಲೆ, ಕೇತು ಬರೀ ಮುಂಡ. ಹ್ಯಾಂಡಲ್ ಹಿಡಿದು ಎಲ್ಲ ತಾನೇ ಬಲ್ಲೆನೆನ್ನುವ ತಲೆ ಯಾರು, ಬ್ಯಾಗು ಹೊತ್ತು ರಸ್ತೆಗುಂಡಿಗಳನ್ನೆಲ್ಲ ಸೊಂಟದಲ್ಲೇ ಎಣಿಸುವ ಮುಂಡ ಯಾರು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಟೂ-ಸ್ಟ್ರೋಕ್ ಎಂಜಿನ್ ಇಳಿಜಾರಿನಲ್ಲಿ ಗಾಡಿಯನ್ನು ಅಷ್ಟಾಗಿ ತಡೆಯುವುದಿಲ್ಲ; ಭಾರವೆಲ್ಲ ಡ್ರಮ್ ಬ್ರೇಕಿನ ಮೇಲೆ. ಬ್ರೇಕ್ ಒತ್ತಿದಾಗಲೆಲ್ಲ ಕೇತು ಜಾರಿ ರಾಹುವಿನ ಬೆನ್ನಿಗೆ ಅಂಟುತ್ತಾನೆ. ಸದಾ ಪರಸ್ಪರ ಏಳನೇ ಮನೆಯಲ್ಲಿರುವ ಇವರ ಯುತಿ ಯಾವ ಪಂಚಾಂಗದಲ್ಲೂ ಅಸಾಧ್ಯ. ದಿಂಬಂನಲ್ಲಿ ತಿರುವಿಗೊಂದು ನಡೆಯಿತು. ಫಲ: “ಲೋ, ಹಿಂದಕ್ಕೆ ಸರ್ಕೊಳ್ಳೋ!”

ಸತ್ಯಮಂಗಲದಿಂದಾಚೆ ಪ್ರಮಾಣ ವಿಚಾರ. ರಾಹುವಿಗೆ ಪ್ರತ್ಯಕ್ಷವೊಂದೇ ಪ್ರಮಾಣ. ಬೋರ್ಡು ಕಂಡರೆ ಊರುಂಟು, ಇಲ್ಲದಿದ್ದರೆ ಇಲ್ಲ. ಕೇತುವಿನ ಕೈಯಲ್ಲಿ ಫೋನಿರುವುದರಿಂದ ಶಬ್ದಪ್ರಮಾಣ ಅವನದು. ಅದರೊಳಗಿಂದ ದಾರಿ ಹೇಳುವುದು ಹೆಣ್ಣುದನಿ, ಆದ್ದರಿಂದ ಅಪೌರುಷೇಯ. ಆದರೆ ಶ್ರುತಿ ಹೆಲ್ಮೆಟ್ಟಿನೊಳಗಿನ ಕಿವಿಗೆ ಮುಟ್ಟುವುದಿಲ್ಲ. ಕೇತು “ಬಲಕ್ಕೆ!” ಎನ್ನುತ್ತಾನೆ, ರಾಹು “ಆಂ?” ಎನ್ನುತ್ತಾನೆ, ಅಷ್ಟರಲ್ಲಿ ಧಾರಾಪುರದ ದಾರಿ ಹಿಂದಾಗಿರುತ್ತದೆ. ಕೊನೆಗೆ ಸ್ಪರ್ಶಪ್ರಮಾಣವೆಂಬ ಹೊಸದೊಂದನ್ನು ಅಂಗೀಕರಿಸಬೇಕಾಯಿತು: ಬಲಭುಜಕ್ಕೆ ತಟ್ಟಿದರೆ ಬಲಕ್ಕೆ, ಎಡಭುಜಕ್ಕೆ ತಟ್ಟಿದರೆ ಎಡಕ್ಕೆ, ತಲೆಗೆ ಮೊಟಕಿದರೆ ಕಾಫಿ.

ಇನ್ನು ಲಗೇಜುವಾದ. ಅದು ದಿಂಡುಗಲ್ಲಿನ ಪೆಟ್ರೋಲ್ ಬಂಕಿನಲ್ಲೇ ಬಿದ್ದುಹೋಯಿತು. ರಾಹು ಅರ್ಧ ದುಡ್ಡು ಕೇಳಿದ.

ಮಳೆಗಾಲದಲ್ಲಿ ತಿರುನೆಲ್ವೇಲಿ ದಾಟಿ ಹೋಗುವವರು ನೆಟ್ಟಗೆ ಹೋಗಬೇಕಾದರೆ ವಾಲಿಕೊಂಡೇ ಹೋಗಬೇಕು. ಪಶ್ಚಿಮಘಟ್ಟದ ಆರಲ್ವಾಯ್‌ಮೊಳಿ ಸಂದಿನಿಂದ ನುಗ್ಗುವ ಮುಂಗಾರು ಗಾಳಿ ಮುಪ್ಪಂದಲ್‌ನ ಗಾಳಿಯಂತ್ರಗಳನ್ನು ತಿರುಗಿಸಿ, ಮಿಕ್ಕ ಬಲವನ್ನು ದ್ವಿಚಕ್ರಿಗಳ ಮೇಲೆ ತೀರಿಸಿಕೊಳ್ಳುತ್ತದೆ. ಮಧುರೆಯಲ್ಲಿ ಕೇತುವಿನ ಇಡ್ಲಿಗಳ ಲೆಕ್ಕ ತೆಗೆದು ಹಂಗಿಸಿದ್ದ ರಾಹು, ಇಲ್ಲಿ “ಗಟ್ಟಿಯಾಗಿ ಕೂತ್ಕೊಳ್ಳೋ, ನಿನ್ನ ಭಾರವೇ ಗತಿ” ಎಂದು ಬೇಡಿದ್ದು ದಾಖಲಾರ್ಹ.

ಕನ್ಯಾಕುಮಾರಿಯ ಫೋಟೋಗಳಲ್ಲಿ 133 ಅಡಿಯ ತಿರುವಳ್ಳುವರ್ ಇದ್ದಾರೆ, ರಾಹು ಇದ್ದಾನೆ, ಯೆಜ್ಡಿ ಇದೆ. ತೆಗೆದವನು ಕೇತು, ಹೀಗಾಗಿ ಮುಂದಿನ ಇತಿಹಾಸಕಾರರು ಇದನ್ನು ಒಂಟಿಯಾತ್ರೆಯೆಂದೇ ನಿರ್ಣಯಿಸುವ ಅಪಾಯವಿದೆ. ಇದನ್ನು ತಪ್ಪಿಸಲು ವಾಪಸು ಬರುವಾಗ ಸ್ಥಾನಪಲ್ಲಟದ ಪ್ರಯೋಗ ನಡೆಯಿತು. ಹ್ಯಾಂಡಲ್ ಸಿಕ್ಕೊಡನೆ ಪ್ರಸ್ತುತ ಲೇಖಕನಿಗೆ ತಲೆ ಮೊಳೆಯಿತು, ಕಿವಿ ಕೇಳದಾಯಿತು. ಕೋವಿಲ್‌ಪಟ್ಟಿಯಲ್ಲಿ ಕಡಲೆಮಿಠಾಯಿಗೆಂದು ನಿಲ್ಲಿಸಿದಾಗ ಹಿಂದಿದ್ದವನು ತಾನಾಗಿ ಇಳಿಯಲಾರದೆ ಹೋದ. ಗ್ರಂಥದ ಉತ್ತರಭಾಗವಾದ ‘ಸೊಂಟಕಾಂಡ’ವನ್ನು ಅವನೇ ರಚಿಸಬೇಕೆಂದು ವಿನಂತಿಸಲಾಗಿದೆ, ಕೂರುವಂತಾದ ಮೇಲೆ.