ರಿಪೇರಿಯ ಮೂರು ಘರಾಣೆಗಳು

ಕಿರಾಣಾ, ಗ್ವಾಲಿಯರ್, ಜೈಪುರ ಅಂತ ಸಂಗೀತದಲ್ಲಿ ಘರಾಣೆಗಳಿರುವುದು ಎಲ್ಲರಿಗೂ ಗೊತ್ತು. ಕೆಟ್ಟ ಗಿಟಾರ್ ಆಂಪ್ಲಿಫೈಯರ್ ರಿಪೇರಿಯಲ್ಲೂ ಘರಾಣೆಗಳಿವೆ ಎಂಬುದು ಗೊತ್ತಾಗಬೇಕಾದರೆ ರಾಯಚೂರು ಜಿಲ್ಲೆಯ ರಸಮಂಜರಿ ತಂಡದಲ್ಲಿ ಗಿಟಾರ್ ಬಾರಿಸಬೇಕು. ನಾನು ಬಾರಿಸಿದ್ದೇನೆ. ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರೂ ಒಂದೇ ಹೆದ್ದಾರಿಯ ಮೇಲಿವೆ. ರಸ್ತೆ ಒಂದೇ ಆದರೂ ಸಂಪ್ರದಾಯ ಮೂರು.

ಆಂಪ್ಲಿಗೆ ಬರುವ ರೋಗಗಳಲ್ಲಿ ಎರಡು ಮುಖ್ಯ. ಮೊದಲನೆಯದು 'ಸೌಂಡ್ ಬರವಲ್ದು'. ನಾಬನ್ನು ಹತ್ತಕ್ಕೆ ತಿರುಗಿಸಿದರೂ ಮುಂದಿನ ಸಾಲಿನ ಗಣ್ಯರಿಗೇ ಕೇಳುವುದಿಲ್ಲ. ಎರಡನೆಯದು ಚಾನೆಲ್ ಹಟ ಹಿಡಿಯುವುದು. ಆಂಪ್ಲಿಯಲ್ಲಿ ಸಾಮಾನ್ಯವಾಗಿ ಎರಡು ಚಾನೆಲ್: ಕ್ಲೀನ್ ಸಾತ್ವಿಕ, ಡ್ರೈವ್ ರಾಜಸ. ಕಾಲಡಿಯ ಪೆಡಲ್ ಒತ್ತಿದರೆ ಒಂದು ಗುಣದಿಂದ ಇನ್ನೊಂದಕ್ಕೆ ಜಿಗಿಯಬೇಕು. ಜಿಗಿಯದಿದ್ದರೆ ಗಣೇಶ ಸ್ತುತಿಯೇ ಡ್ರೈವ್‌ನಲ್ಲಿ ಗರ್ಜಿಸುತ್ತದೆ. ಒಂದು ಜಾತ್ರೆಯಲ್ಲಿ ಹಾಗೇ ಆಯಿತು. ಕಮಿಟಿಯ ಹಿರಿಯರು ಹಲ್ಲು ಕಚ್ಚಿದರು, ಹುಡುಗರು 'ಒನ್ಸ್ ಮೋರ್' ಎಂದು ಕೂಗಿದರು. ವಿನಾಯಕ ಯಾರ ಪಕ್ಷದಲ್ಲಿದ್ದನೋ ಕೊನೆಗೂ ತಿಳಿಯಲಿಲ್ಲ.

ಸಿಂಧನೂರು ಘರಾಣೆಯ ಮೂಲಮಂತ್ರ 'ಹಳೇದು ಒಗೀರಿ, ಹೊಸಾದು ತರ್ರಿ'. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ಗದ್ದೆ, ಸಾಲು ಸಾಲು ಅಕ್ಕಿ ಗಿರಣಿ. ಸುಗ್ಗಿ ಮುಗಿದ ಮೇಲೆ ಸ್ಕ್ರೂಡ್ರೈವರ್ ಹಿಡಿಯುವುದು ಯಾರಿಗೆ ಬೇಕು? 100 ವಾಟ್ ಸಾಲದಿದ್ದರೆ 200 ವಾಟ್. ಕಿವಿಯ ಲೆಕ್ಕ ಬೇರೆ, ವಾಟ್ ದುಪ್ಪಟ್ಟಾದರೆ ಏರುವುದು ಬರೀ 3 ಡೆಸಿಬಲ್, ದುಪ್ಪಟ್ಟು ಜೋರಾಗಿ ಕೇಳಬೇಕಾದರೆ ಸುಮಾರು ಹತ್ತು ಪಟ್ಟು ವಾಟ್ ಬೇಕು ಎಂದು ತಂಡದ ಯಜಮಾನರಿಗೆ ವಿವರಿಸಿದೆ. 'ಹಂಗಾದ್ರ ಸಾವಿರ ವಾಟೇ ತರೋಣೇಳ್ರಿ' ಎಂದರು. ಹೊಸ ಪೆಟ್ಟಿಗೆ ಬಂತು, ಹಾರ ಬಿತ್ತು, ಕಾಯಿ ಒಡೆಯಿತು. ಅದೂ ಅಷ್ಟೇ ಮೆತ್ತಗೆ ಹಾಡಿತು. ರೋಗ ಇದ್ದದ್ದು ಗಿಟಾರಿನ ಹೊಟ್ಟೆಯೊಳಗಿನ 9 ವೋಲ್ಟ್ ಬ್ಯಾಟರಿಯಲ್ಲಿ. ಇಂಥ ಗಿಟಾರಿಗೆ ವೈರು ಚುಚ್ಚಿದ ಕೂಡಲೇ ಒಳಗಿನ ಪ್ರಿಆಂಪ್ ಆನ್ ಆಗುತ್ತದೆ. ಚುಚ್ಚಿದ್ದನ್ನು ಕೀಳದೆ ದಿನಗಟ್ಟಲೆ ಮೂಲೆಗೆ ಒರಗಿಸಿಟ್ಟರೆ ಬ್ಯಾಟರಿ ಯಾರಿಗೂ ಕೇಳದ ಹಾಗೆ ಪ್ರಾಣ ಬಿಡುತ್ತದೆ.

ಲಿಂಗಸುಗೂರು ಘರಾಣೆಯದು ಹಸ್ತಕೌಶಲ, ಅಂದರೆ ಪೆಟ್ಟು. ಎಲ್ಲಿ ಬೇಕೆಂದರಲ್ಲಿ ಬಡಿಯುವುದಲ್ಲ. 'ಬಲಕ್ಕ, ಮ್ಯಾಲಿಂದ ನಾಕ ಬೆರಳು ಕೆಳಗ' ಎಂದು ಗುರುಮುಖೇನ ಕಲಿಯಬೇಕು. ನಗಬೇಡಿ, ಇದಕ್ಕೆ ವಿಜ್ಞಾನವಿದೆ. ಆಂಪ್ಲಿಯ ಬೆನ್ನಿನಲ್ಲಿ 'ಸೆಂಡ್' ಮತ್ತು 'ರಿಟರ್ನ್' ಎಂಬ ಎರಡು ತೂತುಗಳಿರುತ್ತವೆ. ಅವುಗಳಲ್ಲಿ ಏನೂ ಚುಚ್ಚದಿದ್ದಾಗ ದನಿ ರಿಟರ್ನ್ ಜ್ಯಾಕಿನೊಳಗಿನ ಪುಟ್ಟ ಲೋಹದ ಎಲೆಯೊಂದನ್ನು ದಾಟಿಯೇ ಮುಂದೆ ಹೋಗಬೇಕು. ವರ್ಷಾನುಗಟ್ಟಲೆ ಯಾರೂ ಮುಟ್ಟದ ಆ ಎಲೆಗೆ ಕಿಲುಬು ಹಿಡಿಯುತ್ತದೆ, ದನಿ ಅಲ್ಲೇ ತಡೆದು ನಿಲ್ಲುತ್ತದೆ. ಪೆಟ್ಟು ಬಿದ್ದಾಗ ಎಲೆ ಅಲುಗಾಡಿ ದಾರಿ ಬಿಡುತ್ತದೆ, ಮುಂದಿನ ಹಾಡಿನವರೆಗೆ. ಪೆಟ್ಟಿಲ್ಲದೆ ಪತ್ತೆ ಮಾಡುವ ದಾರಿಯೂ ಇದೆ: ಸೆಂಡ್‌ನಿಂದ ರಿಟರ್ನ್‌ಗೆ ಒಂದು ಗಿಡ್ಡ ಗಿಟಾರ್ ಕೇಬಲ್ ಚುಚ್ಚಿ. ದನಿ ಥಟ್ಟನೆ ಎದ್ದರೆ ಕಳ್ಳ ಸಿಕ್ಕಿಬಿದ್ದ ಹಾಗೆ. ಆಂಪ್ಲಿ ಬಂದ್ ಮಾಡಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಪಿನ್ನನ್ನು ನಾಲ್ಕಾರು ಸಲ ಒಳಗೆ ಹೊರಗೆ ಆಡಿಸಿದರೆ ಕಿಲುಬು ಬಿಡುತ್ತದೆ. ಆ ಎಲೆಗೆ ಚಿನ್ನದ ಲೇಪವಿದ್ದಿದ್ದರೆ ಕಿಲುಬಿನ ಮಾತೇ ಇರಲಿಲ್ಲ. ಹಟ್ಟಿ ಚಿನ್ನದ ಗಣಿ ಇರುವುದು ಇದೇ ತಾಲ್ಲೂಕಿನಲ್ಲಿ! ನೆಲದಡಿಯಿಂದ ಬಂಗಾರ ತೆಗೆಯುವ ಸೀಮೆಯಲ್ಲಿ ಗುಲಗಂಜಿ ತೂಕದ ಲೇಪಕ್ಕೆ ಗತಿಯಿಲ್ಲದೆ ನಮ್ಮ ಆಂಪ್ಲಿ ಪೆಟ್ಟು ತಿನ್ನುತ್ತದೆ.

ಮಸ್ಕಿ ಘರಾಣೆಯದು ವಿಲಂಬಿತ ಲಯ. 'ತಡೀರಿ, ತಾನಾ ಬರ್ತೈತಿ'. ಸೋಮಾರಿತನವೆಂದು ನೀವು ಅಂದುಕೊಂಡರೆ ರಿಲೇ ಎಂಬ ಪುಟ್ಟ ಡಬ್ಬಿಯ ಸ್ವಭಾವ ನಿಮಗೆ ತಿಳಿಯದು. ಎಷ್ಟೋ ಆಂಪ್ಲಿಗಳಲ್ಲಿ ಚಾನೆಲ್ ಬದಲಿಸುವುದು ಅದೇ. 12 ವೋಲ್ಟ್ ರಿಲೇ 'ಟಿಕ್' ಎನ್ನಲು ಸುಮಾರು 9 ವೋಲ್ಟ್ ಆದರೂ ಬೇಕು. ಸುತ್ತಲಿನ ಹೊಲಗಳಲ್ಲಿ ಪಂಪ್‌ಸೆಟ್‌ಗಳು ಒಟ್ಟಿಗೆ ಶುರುವಾಗಿ 230 ವೋಲ್ಟ್ ಬರಬೇಕಾದ ಕರೆಂಟು 160ಕ್ಕೆ ಇಳಿದರೆ ರಿಲೇಯ ಪಾಲಿಗೆ ಸಿಗುವುದು 8 ಚಿಲ್ಲರೆ. ಪೆಡಲ್ ತುಳಿದು ತುಳಿದು ನಿಮ್ಮ ಕಾಲು ಸೋಲುತ್ತದೆ, ರಿಲೇ ಮಿಸುಕುವುದಿಲ್ಲ. ಪಂಪ್‌ಸೆಟ್ ನಿಂತ ಮೇಲೆ ಅದು ತಾನಾಗಿಯೇ ಏಳುತ್ತದೆ. ಕಾಯುವುದು ಈ ಊರಿಗೆ ಹೊಸದೂ ಅಲ್ಲ. ಶಾಸನಗಳಲ್ಲಿ ಬರುವ ದೇವಾನಾಂಪ್ರಿಯ, ಪ್ರಿಯದರ್ಶಿ ಅಶೋಕನೇ ಎಂಬ ವಿದ್ವಾಂಸರ ತರ್ಕಕ್ಕೆ ಶಾಸನದ್ದೇ ಸಾಕ್ಷಿ ಬೇಕಿದ್ದಾಗ, 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್‌ಗೆ ಮಸ್ಕಿಯ ಬಂಡೆಯ ಮೇಲಿನ ಬರಹ ಸಿಕ್ಕಿತು. ಅದರಲ್ಲಿ 'ಅಶೋಕ' ಎಂಬ ಹೆಸರೇ ಇತ್ತು. ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಸುಮ್ಮನಿದ್ದು ಸರಿಯಾದ ಹೊತ್ತಿಗೆ ಬಾಯಿಬಿಟ್ಟ ಬಂಡೆಯ ಊರಿನವರಿಗೆ ರಿಲೇಗಾಗಿ ಅರ್ಧ ತಾಸು ಕೂರುವುದು ಯಾವ ಲೆಕ್ಕ?

ಮೂರೂ ಘರಾಣೆಗಳ ಉಪ್ಪು ತಿಂದವನಾದ್ದರಿಂದ ನನ್ನದೊಂದು ಜುಗಲ್‌ಬಂದಿ ಇದೆ: ಕಾಸು ಕಡಿಮೆಯದ್ದರಿಂದ ಶುರು ಮಾಡುವುದು. ಮೊದಲು ಗಿಟಾರಿನದೇ ನಾಬ್, ಆಮೇಲೆ ಬ್ಯಾಟರಿ, ಆಮೇಲೆ ವೈರು. ಪೆಡಲ್ಲಿಗೆ ಸ್ಟೀರಿಯೊ ಕೇಬಲ್ ಬೇಕಾದಲ್ಲಿ ಯಾರಾದರೂ ಮೋನೋ ಚುಚ್ಚಿದ್ದಾರೆಯೇ ನೋಡುವುದು. ರಿಲೇಗೆ ಕಿವಿಗೊಡುವುದು: ಟಿಕ್ ಎಂದೂ ದನಿ ಬದಲಾಗದಿದ್ದರೆ ಅದರ ಕಾಂಟ್ಯಾಕ್ಟ್ ಮೇಲೆ ಅನುಮಾನ, ಟಿಕ್ಕೇ ಇಲ್ಲದಿದ್ದರೆ ಕರೆಂಟಿನ ಮೇಲೆ. ಪೆಟ್ಟಿಗೆ ಬಿಚ್ಚುವುದು ಕಟ್ಟಕಡೆಗೆ. ವಾಲ್ವ್ ಆಂಪ್ಲಿಯಾದರೆ ಬಿಚ್ಚಲೇಬಾರದು, ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ಗಳಲ್ಲಿ 400 ವೋಲ್ಟ್ ಹೊಂಚು ಹಾಕಿರಬಹುದು. ಆದರೆ ಈ ಪದ್ಧತಿಗೆ ಜನರಲ್ಲಿ ಮರ್ಯಾದೆ ಇಲ್ಲ. ಪೆಟ್ಟಿಗೆ ಬಿಚ್ಚಿ ನಾಲ್ಕು ಸ್ಕ್ರೂ ಕಳೆಯದವನು ಎಂಥಾ ಮೆಕ್ಯಾನಿಕ್ಕು?

ದನಿ ಬರುವುದಂತೂ ಖಂಡಿತ. ಬರುವ ಹೊತ್ತು ಮಾತ್ರ ಸರಿಯಿರುವುದಿಲ್ಲ. ಸಂಜೆಯಿಂದ ಬಂದವರೆಲ್ಲ ಒಂದೊಂದು ನಾಬನ್ನು ಹತ್ತಕ್ಕೇ ತಿರುಗಿಸಿ ಹೋಗಿರುತ್ತಾರೆ. ರಾತ್ರಿ ಹತ್ತು ದಾಟಿದ ಮೇಲೆ ಪಂಪ್‌ಸೆಟ್ ನಿಂತು, ಯಾರೋ ಬಡಿದು, ಎಲೆ ಅಲುಗಿ, ಎಲ್ಲ ಒಮ್ಮೆಗೇ ಕೂಡಿಬಂದು ಡ್ರೈವ್ ಚಾನೆಲ್‌ನಲ್ಲಿ ಊರೇ ಎದ್ದು ಕೂರುತ್ತದೆ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಂದ್. ಆಗ ಜೀಪಿನಿಂದ ಇಳಿಯುತ್ತದೆ ನಾಲ್ಕನೆಯ ಘರಾಣೆ. ಅವರ ಕೈಯಲ್ಲಿ ಸ್ಕ್ರೂಡ್ರೈವರ್ ಇಲ್ಲ, ಮೀಟರ್ ಇಲ್ಲ, ಬರೀ ಲಾಠಿ, ಅದನ್ನೂ ಎತ್ತುವುದಿಲ್ಲ. ವೇದಿಕೆಯ ಪಕ್ಕ ಬಂದು ಸುಮ್ಮನೆ ನಿಲ್ಲುತ್ತಾರೆ. ವಾಲ್ಯೂಮ್ ತಾನಾಗಿ ಇಳಿಯುತ್ತದೆ. ರಿಲೇ, ಪೆಡಲ್ ಯಾವುದರ ಹಂಗಿಲ್ಲದೆ ಇಡೀ ತಂಡ ಕ್ಲೀನ್ ಚಾನೆಲ್‌ಗೆ ಬಂದು ಮಂಗಳಾರತಿ ಹಾಡುತ್ತದೆ.