ಉರಗ ಪ್ರತ್ಯಭಿಜ್ಞಾ ಮೀಮಾಂಸೆ

ಅಂದು ಕಂಡ ದೇವದತ್ತನೇ ಇಂದು ಕಾಣುತ್ತಿರುವ ದೇವದತ್ತ ಎಂದು ಗುರುತಿಸುವುದು ಹೇಗೆ ಎಂಬುದರ ಮೇಲೆ ನಮ್ಮ ತಾರ್ಕಿಕರು ಶತಮಾನಗಟ್ಟಲೆ ಕಾದಾಡಿದ್ದಾರೆ. ಅವರದು ಸುಲಭದ ಕೆಲಸ. ದೇವದತ್ತ ಪೊರೆ ಬಿಡುತ್ತಿರಲಿಲ್ಲ, ತನ್ನಂತೆಯೇ ಇರುವ ನೂರಾರು ದೇವದತ್ತರ ಬೆನ್ನೇರಿ ಬಾಯಿ ತೆರೆದು ಬಿಸಿಲು ಕಾಯಿಸುತ್ತಿರಲಿಲ್ಲ, ಗುರುತು ಕೇಳಬಂದವರ ಕೈ ಕಚ್ಚುತ್ತಲೂ ಇರಲಿಲ್ಲ. ಪ್ರಾಚೀನರು ಜಾಣತನದಿಂದ ಬಿಟ್ಟುಹೋದ ಈ ಭಾಗವನ್ನು ಪೂರೈಸುವುದೇ ಪ್ರಸ್ತುತ ಗ್ರಂಥದ ಪ್ರಯೋಜನ. ಇದನ್ನು ಓದಲು ಅಧಿಕಾರಿ ಯಾರೆಂದರೆ, ಹತ್ತು ಬೆರಳೂ ಉಳಿದಿರುವ ಯಾರಾದರೂ.

ಮೊದಲು ಮಕರ ಪ್ರಕರಣ. ಚೆನ್ನೈಯಿಂದ ಮಹಾಬಲಿಪುರಕ್ಕೆ ಹೋಗುವ ದಾರಿಯಲ್ಲಿ, ವಡನೆಮ್ಮೇಲಿಯಲ್ಲಿ, ರೋಮುಲಸ್ ವಿಟೇಕರ್ ಮತ್ತು ಸಂಗಡಿಗರು 1976ರಲ್ಲಿ ಮದ್ರಾಸ್ ಮೊಸಳೆ ಬ್ಯಾಂಕನ್ನು ಕಟ್ಟಿದರು. ಅಳಿಯುತ್ತಿದ್ದ ಮೊಸಳೆಗಳನ್ನು ಠೇವಣಿ ಇಟ್ಟು, ಬೆಳೆಸಿ, ಹೊಳೆಗೆ ಮರಳಿಸುವುದು ಉದ್ದೇಶ. ಠೇವಣಿ ಬೆಳೆಯಿತು. ಜೌಗು ಮೊಸಳೆಗಳಂತೂ ಬಡ್ಡಿಗೆ ಬಡ್ಡಿ ಸೇರಿಸಿ ಸಾವಿರಗಳ ಲೆಕ್ಕಕ್ಕೆ ಹೋದವು. ಕೊನೆಗೆ ಮೊಟ್ಟೆಗಳು ಮರಿಯಾಗದಂತೆ ನೋಡಿಕೊಳ್ಳಬೇಕಾಯಿತು. ಇಷ್ಟು ಖಾತೆಗಳಿಗೆ ಖಾತೆ ಸಂಖ್ಯೆ ಬೇಡವೇ? ಮೊಸಳೆ ಸಾಕುವವರು ಇದಕ್ಕೆ ಕಂಡುಕೊಂಡ ಉಪಾಯ ಸ್ಥಾನಬೆಲೆ. ಮರಿಯ ಬಾಲದ ಮೇಲೆ ಎದ್ದುನಿಂತ ಹುರುಪೆಗಳಲ್ಲಿ ಒಂದು ಸಾಲನ್ನು ಬಿಡಿ, ಇನ್ನೊಂದನ್ನು ಹತ್ತು, ಮತ್ತೊಂದನ್ನು ನೂರು ಎಂದು ತಿಳಿದು, ಬೇಕಾದಲ್ಲಿ ಕತ್ತರಿಸಿದರೆ ಸಂಖ್ಯೆ ಸಿದ್ಧ. ಆರ್ಯಭಟ ಮೆಚ್ಚುತ್ತಿದ್ದ.

ಆದರೆ ಮೊಸಳೆಗಳಿಗೂ ಗಣಿತ ಬರುತ್ತದೆ ಎಂಬುದನ್ನು ಈ ಪಂಥದವರು ಮರೆತರು. ಕೊಳದಲ್ಲಿ ಜಗಳವಾಗಿ ಎದುರಾಳಿ ನೂರರ ಸಾಲಿನ ಒಂದು ಹುರುಪೆಯನ್ನು ಕಿತ್ತರೆ, ಬೆಳಿಗ್ಗೆ 24 ಆಗಿದ್ದವನು ಸಂಜೆಗೆ 124. ನಿಜವಾದ 124 ಪಕ್ಕದಲ್ಲೇ ಮಲಗಿರುತ್ತಾನೆ. ದಾಖಲೆ ಪುಸ್ತಕದಲ್ಲಿ ಒಬ್ಬ ಕಾಣೆಯಾದ, ಒಬ್ಬನಿಗೆ ಅವಳಿ ಹುಟ್ಟಿದ. ಕೊಳದಲ್ಲಿ ತಲೆ ಎಣಿಸಿದರೆ ಎಲ್ಲ ಸರಿಯಾಗಿದೆ. ಲೆಕ್ಕಪರಿಶೋಧಕರನ್ನು ಕೊಳಕ್ಕಿಳಿಸಬೇಕೆಂಬುದು ನನ್ನ ಬಹುದಿನಗಳ ಮತ.

ಆಮೆಗಳ ವಿಷಯ ಚಿಕ್ಕದು. ಚಿಪ್ಪಿನ ಅಂಚಿನಲ್ಲಿ ಕಚ್ಚು ಹಾಕುವ ಕ್ರಮವನ್ನು ಕೇಗಲ್ ಎಂಬ ಪ್ರಾಣಿಶಾಸ್ತ್ರಜ್ಞ 1939ರಲ್ಲೇ ಬರೆದಿಟ್ಟಿದ್ದಾನೆ. ಕಲ್ಕತ್ತೆಯ ಅಲಿಪುರ ಮೃಗಾಲಯದಲ್ಲಿ 2006ರಲ್ಲಿ ತೀರಿಕೊಂಡ ಅಲ್ಡಾಬ್ರಾ ಆಮೆಗೆ ಅದೂ ಬೇಕಿರಲಿಲ್ಲ. ಹೆಸರೇ ಅದ್ವೈತ, ಎರಡನೆಯದು ಇಲ್ಲವೆಂದ ಮೇಲೆ ಗುರುತಿನ ಪ್ರಶ್ನೆಯೇ ಏಳದು. ಅದು ರಾಬರ್ಟ್ ಕ್ಲೈವನ ತೋಟದಲ್ಲಿತ್ತು, ವಯಸ್ಸು ಇನ್ನೂರೈವತ್ತು ಎನ್ನುತ್ತಾರೆ. ಜನನಪತ್ರ ಮಾತ್ರ ಯಾರ ಬಳಿಯೂ ಇಲ್ಲ.

ಇನ್ನು ಸರ್ಪ ಪ್ರಕರಣ, ಗ್ರಂಥದ ಹೃದಯ. 1978ರಲ್ಲಿ ಹುಟ್ಟಿದ, ಇರುಳ ಬುಡಕಟ್ಟಿನ ಹಾವು ಹಿಡಿಯುವವರ ಸಹಕಾರ ಸಂಘ ಮೊಸಳೆ ಬ್ಯಾಂಕಿನ ಆವರಣದಲ್ಲೇ ಇದೆ. ಹಿಡಿದ ಹಾವನ್ನು ಮಣ್ಣಿನ ಮಡಕೆಯಲ್ಲಿಟ್ಟು, ಮಡಕೆಯ ಬಾಯಿಗೆ ಬಟ್ಟೆ ಕಟ್ಟಿ, ಕೆಲವು ವಾರ ವಿಷ ತೆಗೆದು, ಹೊಟ್ಟೆಯ ಹುರುಪೆಗೆ ಕತ್ತರಿ ತಾಗಿಸಿ ಕಾಡಿಗೆ ಬಿಡುತ್ತಾರೆ. ಮೈಸೂರಿನಲ್ಲಿ ತಯಾರಾಗುವ ಮತದಾನದ ಶಾಯಿಯಂತೆಯೇ ಇದು: ಒಮ್ಮೆ ಕೊಟ್ಟವರು ಕೂಡಲೇ ಮತ್ತೆ ಕೊಡಲು ಬರಬಾರದು. ಕೆಲವು ಸಲ ಪೊರೆ ಕಳಚಿದರೆ ಗುರುತು ಮಾಯ, ಹಾವು ಮತ್ತೆ ಅರ್ಹ. ನನ್ನ ದೃಷ್ಟಿಯಲ್ಲಿ ಇದೊಂದೇ ಪ್ರಾಮಾಣಿಕ ಪದ್ಧತಿ, ಏಕೆಂದರೆ ಇದು ಶಾಶ್ವತತ್ವವನ್ನು ಬಯಸುವುದೇ ಇಲ್ಲ.

ನವ್ಯರು ಒಪ್ಪುವುದಿಲ್ಲ. ಅವರದು ಮೈಕ್ರೋಚಿಪ್ ಸಿದ್ಧಾಂತ: ಸುಮಾರು 12 ಮಿಲಿಮೀಟರಿನ ಗಾಜಿನ ಕೊಳವೆ, ಬ್ಯಾಟರಿ ಇಲ್ಲ, ಚರ್ಮದಡಿ ಚುಚ್ಚಿದರೆ 15 ಅಂಕಿಗಳ ಸಂಖ್ಯೆ. ನಮ್ಮ ಆಧಾರ್‌ಗೆ 12 ಅಂಕಿ ಸಾಕಾಗಿದೆ ಎಂಬುದನ್ನು ನೆನೆದು ವಿನೀತರಾಗೋಣ. ಓದುವ ಯಂತ್ರವನ್ನು ಮಾತ್ರ ಪ್ರಾಣಿಯ ತೀರ ಹತ್ತಿರ ಹಿಡಿಯಬೇಕು. ಇಲ್ಲಿ ಅನ್ಯೋನ್ಯಾಶ್ರಯ ದೋಷ: ಇದು ಯಾವ ಕಾಳಿಂಗ ಎಂದು ತಿಳಿಯಲು ಹತ್ತಿರ ಹೋಗಬೇಕು, ಹತ್ತಿರ ಹೋಗಬಹುದೇ ಎಂದು ನಿರ್ಧರಿಸಲು ಇದು ಯಾವ ಕಾಳಿಂಗ ಎಂದು ತಿಳಿದಿರಬೇಕು.

ಅಷ್ಟರಲ್ಲಿ ವಿದ್ವಾಂಸರು ಇನ್ನೊಂದು ಪೊರೆ ಕಳಚಿದರು. 1836ರಲ್ಲಿ ಕ್ಯಾಂಟರ್ ಎಂಬ ಪ್ರಾಣಿಶಾಸ್ತ್ರಜ್ಞ ವಿವರಿಸಿದ್ದ ಒಂದೇ ಕಾಳಿಂಗ 2024ರಲ್ಲಿ ನಾಲ್ಕು ಪ್ರಭೇದವಾಯಿತು. ಪಶ್ಚಿಮ ಘಟ್ಟದ್ದು ಒಫಿಯೊಫೇಗಸ್ ಕಾಳಿಂಗ. ಆಗುಂಬೆಯ ಹಾವು ಕೂತ ಬಿದಿರುಮೆಳೆಯಿಂದ ಕದಲಲಿಲ್ಲ, ಪುಸ್ತಕದಲ್ಲಿ ಮಾತ್ರ ಬೇರೆ ಮನೆತನಕ್ಕೆ ಸೇರಿತು.

ಸಿದ್ಧಾಂತ. ಯಾವ ಮೃಗಾಲಯದಲ್ಲೇ ಆಗಲಿ, ಹುರುಪೆ, ಕಚ್ಚು, ಮೈಕ್ರೋಚಿಪ್ ಎಲ್ಲ ವಿಫಲವಾದಾಗ ಅಧಿಕಾರಿಗಳು ಕರೆಯುವುದು ಊಟ ಹಾಕುವ ಪ್ರಾಣಿಪಾಲಕನನ್ನು. ಅವನು ದೂರದಿಂದಲೇ, “ಅದಾ ಸಾರ್? ಎಡಗಡೆಯಿಂದ ಬಂದು ಕೋಳಿ ಕಸ್ಕೊಳ್ಳೋದು ಅದೇ” ಎನ್ನುತ್ತಾನೆ. ಪ್ರಮಾಣ ಅದೇ, ಪ್ರತ್ಯಭಿಜ್ಞೆಯೂ ಅದೇ. ಆದ್ದರಿಂದ ಸಂಬಂಧಪಟ್ಟವರಲ್ಲಿ ವಿನಂತಿ: ಮುಂದಿನ ಮೈಕ್ರೋಚಿಪ್ಪನ್ನು ಹಾವಿಗೆ ಹಾಕುವ ಬದಲು ಆತನಿಗೆ ಹಾಕಿ, ನಿವೃತ್ತಿಯ ದಿನಾಂಕವನ್ನು ಪುಸ್ತಕದ ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ ಬರೆದಿಡಿ.